ಕುರಿ ಆರಿಸಿದ ಜಾಗ

ಹುಕ್ಕೇರಿಯ ಹೊರಗೆ, ಗಾಡಿದಾರಿಯ ಆಚೆಗೊಂದು ಈಚೆಗೊಂದು ಮನೆ ಪ್ಲಾಟುಗಳ ಬಡಾವಣೆ ಹಾಕಿದ್ದು ತೊಂಬತ್ತಾರರ ಬೇಸಿಗೆಯಲ್ಲಿ. ಮೇಲಿನದು ಗುಡ್ಡದ ಪ್ಲಾಟು: ಬರೀ ಕಲ್ಲು, ನೀರು ಹೊತ್ತು ತರಬೇಕು. ಕೆಳಗಿನದು ಹಳ್ಳದ ಪ್ಲಾಟು: ಕರಿ ಎರೆಮಣ್ಣು, ಪಕ್ಕದಲ್ಲೇ ಬಾವಿ, ಬೇವಿನ ನೆರಳು. ದರ ಎರಡಕ್ಕೂ ಒಂದೇ. ಕೊಳ್ಳುವವರ ತಲೆ ಕೆಡಲು ಅಷ್ಟು ಸಾಕಿತ್ತು.

ಕುರುಬರ ಶೆಟ್ಟೆಪ್ಪನಿಗೂ ಒಂದು ಪ್ಲಾಟು ಬೇಕಾಗಿತ್ತು. ಹೆಂಡತಿ ಸೀತವ್ವನಿಗೆ ದಮ್ಮು ಹತ್ತಿ, ಹಿಂಡಿನ ಹಿಂದೆ ಊರೂರು ತಿರುಗುವ ಶಕ್ತಿ ಉಡುಗಿತ್ತು. ಅವಳು ಹುಟ್ಟಿದ್ದು ಬಯಲಿನ ಬಿಡಾರದಲ್ಲಿ, ಹಡೆದದ್ದೂ ಬಿಡಾರದಲ್ಲೇ. ಗಂಡನನ್ನು ಅವಳು ಬಾಯಿಬಿಟ್ಟು ಬೇಡಿದ್ದು ಒಂದೇ: ತನ್ನದು ಎನ್ನುವ ನಾಲ್ಕು ಗೋಡೆ. ಅದಕ್ಕಾಗಿ ಇಡೀ ಹಿಂಡನ್ನೇ ಮಾರಲು ಶೆಟ್ಟೆಪ್ಪ ಎದೆ ಗಟ್ಟಿ ಮಾಡಿಕೊಂಡ.

ಮಾರುವ ಮೊದಲು ಆ ಹಿಂಡಿನಿಂದಲೇ ಜಾಗದ ಪರೀಕ್ಷೆ ಮಾಡಿಸಿದ. ಹೊಸ ಸೀಮೆಗೆ ಹೋದಾಗ ಕುರಿ ಮಲಗಿದ ಕಡೆಯೇ ಕುರುಬನೂ ಕಂಬಳಿ ಹಾಸುತ್ತಾನೆ. ಅದು ಅಜ್ಜ ಮುತ್ತಜ್ಜರಿಂದ ಬಂದ ರೂಢಿ. ಒಂದು ರಾತ್ರಿ ಹಿಂಡನ್ನು ಗುಡ್ಡದಲ್ಲಿ ತರುಬಿದ. ಕಾದ ಕಲ್ಲಿನ ಮೇಲೆ ಕುರಿಗಳು ಬೆಳಗಿನ ತನಕ ನಿಂತೇ ಇದ್ದವು. ಮರುದಿನ ಹಳ್ಳದ ಕಡೆ ತರುಬಿದರೆ, ತಂಪಿಗೆ ಕೊರಳು ಚಾಚಿ ಮಲಗಿ ಮೆಲುಕು ಹಾಕಿದವು. ಶೆಟ್ಟೆಪ್ಪನ ಮಟ್ಟಿಗೆ ವಿಚಾರ ಅಲ್ಲಿಗೆ ಮುಗಿಯಿತು.

ಜೈನರ ತಾತ್ಯಾಸಾಹೇಬ ಮಣ್ಣಿನಲ್ಲೇ ಹಣ್ಣಾದ ರೈತ. ಅವನು ಗುಡ್ಡದಲ್ಲಿ ಪ್ಲಾಟು ಹಿಡಿದಿದ್ದ. ಅವನ ಹೊಲದಲ್ಲಿ ಶೆಟ್ಟೆಪ್ಪ ವರ್ಷವೂ ಗೊಬ್ಬರಕ್ಕೆಂದು ಕುರಿ ಕೂಡಿಸುತ್ತಿದ್ದ. ಆ ಸಲಿಗೆಯಿಂದ ತಾತ್ಯಾಸಾಹೇಬ ಎಚ್ಚರಿಸಿದ.

"ಶೆಟ್ಟೆಪ್ಪಾ, ಎರಿಮಣ್ಣು ಬೆಳಿಗೆ ತಾಯಿ, ಗ್ವಾಡಿಗೆ ಮಲತಾಯಿ. ಒಂದು ಮಳಿಗಾಲ ನೋಡಿ ತಗೊ."

"ನೀವು ಕಲ್ಲಿನ ಮ್ಯಾಲ ಕುಂತು ಬಿಸಲಾಗ ಬೇಯ್ರಿ ಸಾವಕಾರ್ರ," ಎಂದು ಶೆಟ್ಟೆಪ್ಪ ನಕ್ಕ. "ಮನಷ್ಯಾರು ಸುಳ್ಳು ಹೇಳ್ತಾರು. ಕುರಿ ಹೇಳೂದಿಲ್ಲ."

ಹಿಂಡು ಮಾರಿ ಹಳ್ಳದ ಪ್ಲಾಟಿನಲ್ಲಿ ಕಟ್ಟಿಸಿ, ದೀಪಾವಳಿಗೆ ಹೊಸ ಮನೆ ಹೊಕ್ಕರು. ಆ ಚಳಿಗಾಲ, ಆ ಬೇಸಿಗೆ ಸೀತವ್ವ ಗೋಡೆಗೆ ಬೆನ್ನು ಕೊಟ್ಟು ಸುಮ್ಮನೆ ಕೂರುತ್ತಿದ್ದಳು, ಬಂದವರಿಗೆಲ್ಲ ಚಹಾ. ಮುಂದಿನ ಮಳೆಗೆ ನೆಲ ಉಬ್ಬಿತು, ಬಿಸಿಲಿಗೆ ಕುಸಿಯಿತು. ಬಾಗಿಲ ಮೇಲಿನಿಂದ ಬಿರುಕು ಹಾವಿನಂತೆ ಇಳಿದು ಬಂತು. ತೇವ ಮೊಳಕಾಲೆತ್ತರ ಏರಿ ಸೀತವ್ವನ ದಮ್ಮು ಹೆಚ್ಚಿತು. ಗೌಂಡಿ ಪರಸಪ್ಪ ಬಂದು ನೋಡಿ, ಗಟ್ಟಿ ನೆಲ ಸಿಗುವ ತನಕ ಅಗೆಯದೆ ಪಾಯ ಹಾಕಿದ್ದಾರೆ, ಕೆಡವಿ ಮೊದಲಿಂದ ಕಟ್ಟಬೇಕು ಎಂದ. ಕಟ್ಟಲು ಮಾರಬೇಕೆಂದರೆ ಹಿಂಡೆಲ್ಲಿತ್ತು?

ಮೂರನೆಯ ಮಳೆಗಾಲದಲ್ಲಿ, ಸೀತವ್ವ ಬಾವಿಗೆ ಹೋದಾಗ, ಹಿಂದಿನ ಗೋಡೆ ಕುಳಿತುಬಿಟ್ಟಿತು. ಬಿದ್ದ ಮಣ್ಣಿನ ಮುಂದೆ ನಿಂತು ಶೆಟ್ಟೆಪ್ಪ ಕುರಿಗಳನ್ನು ಬೈಯತೊಡಗಿದ. ಸೀತವ್ವ ಕೊಡ ಇಳಿಸಿದಳು.

"ಕುರಿ ಯಾಕ ಬೈತೀರಿ? ಒಂದು ರಾತ್ರಿ ಮಲಗಾಕ ಜಾಗಾ ಚೊಲೊ ಐತಿ ಅಂದ್ವು, ಮುಂಜಾನೆ ಎದ್ದು ಹೋದ್ವು. ಮನಿಗೆ ಎದ್ದು ಹೋಗಾಕ ಬರ್ತೈತೇನು?"

ಈಗ ಗುಡ್ಡದ ಪ್ಲಾಟಿನಲ್ಲಿ ಒಂದು ಬಾಡಿಗೆ ಕೋಣೆಯಲ್ಲಿದ್ದಾರೆ. ಶೆಟ್ಟೆಪ್ಪ ಪಗಾರಕ್ಕೆ ಬೇರೆಯವರ ಕುರಿ ಕಾಯುತ್ತಾನೆ. ಸೀತವ್ವನ ದಮ್ಮು ಇಳಿದಿದೆ, ಮಾತೂ ಇಳಿದಿದೆ. ಮನೆದೇವರು ಮಾಳಿಂಗರಾಯನ ಪಟ ಇನ್ನೂ ನೆಲದ ಮೇಲೆಯೇ ಇದೆ. ಮೊನ್ನೆ ಶೆಟ್ಟೆಪ್ಪ ಗೋಡೆಗೆ ಮೊಳೆ ಬಡಿಯಲು ಹೋದರೆ ಕೈ ಹಿಡಿದಳು.

"ಬ್ಯಾಡ್ರಿ. ಮಂದಿ ಗ್ವಾಡಿ."