ಕಾಯಿಲೆಗೊಂದು ಇಂಗ್ಲಿಷ್ ಮಾತು

ಅವತ್ತು ನೀರಿನ ಮೋಟಾರ್ ಹಾಕಿದೆ. ಹಾಲು ಕಾಯಿಸಿದೆ. ಇವರ ಬಿಳಿ ಅಂಗಿಗೆ ಇಸ್ತ್ರಿ ಮಾಡಿಕೊಟ್ಟೆ. ಒಣಗಿದ ಬಟ್ಟೆ ಮಡಿಚಿ, ಬಿಡಿಸಿ, ಮತ್ತೆ ಮಡಿಚಿದೆ. ತರಕಾರಿ ಭಯ್ಯಾನ ಹತ್ತಿರ ಸೋರೆಕಾಯಿ ಕೊಂಡೆ. ಒರೆಸಿದ ಒಲೆಯನ್ನೇ ಇನ್ನೊಮ್ಮೆ ಒರೆಸಿದೆ. ಕೈ ಒಂದು ಕಡೆ ನಿಲ್ಲಲಿಲ್ಲ. ನನ್ನ ಗಂಡ ಘಾಜಿಯಾಬಾದಿನ ನಮ್ಮ ಮನೆಯಿಂದ ನೋಯ್ಡಾದ ಒಂದು ಆಫೀಸಿಗೆ ಇಂಟರ್‌ವ್ಯೂಗೆಂದು ಹೋಗಿದ್ದರು.

ಅತ್ತೆ ಹಾಸಿಗೆ ಹಿಡಿದಾಗ ಇವರು ಇದ್ದ ಕೆಲಸ ಬಿಟ್ಟು ಮನೆಯಲ್ಲೇ ಉಳಿದಿದ್ದರು. ಅತ್ತೆ ತೀರಿಕೊಂಡ ಮೇಲೆ ಹೋದಲ್ಲೆಲ್ಲ ಒಂದೇ ಪ್ರಶ್ನೆ: ನಡುವೆ ಇಷ್ಟು ದಿನ ಏನು ಮಾಡುತ್ತಿದ್ದಿರಿ? ಇವರು ಇಂಗ್ಲಿಷಿನಲ್ಲಿ ತಡವರಿಸಿ ವಾಪಸು ಬರುತ್ತಿದ್ದರು. ಕಾಲೇಜಿಗೆ ಹೋಗುವ ಮಗಳು ಅಪ್ಪನಿಗೆ ಟೀಚರಾದಳು. ದಿನಕ್ಕೊಂದು ಇಂಗ್ಲಿಷ್ ನುಡಿಗಟ್ಟು. ಅದನ್ನು ಮನೆಮಾತಿನಲ್ಲಿ ಸೇರಿಸಿ ಹೇಳಿದರೆ ಮಾತ್ರ ಸಂಜೆಯ ಚಹಾ. 'ಕಾಲ್ ಇಟ್ ಎ ಡೇ' ಅಂದರೆ ಇವತ್ತಿಗೆ ಕೆಲಸ ಸಾಕು ಎಂದು ಕಲಿತ ದಿನ ಇವರು ಅರ್ಧ ಪಾತ್ರೆ ತೊಳೆದು, "ಲೆಟ್ಸ್ ಕಾಲ್ ಇಟ್ ಎ ಡೇ" ಎಂದು ಕೈ ಒರೆಸಿಕೊಂಡರು.

"ಅಚ್ಛಾ, ಬಾಕಿ ಪಾತ್ರೆ ನಿಮ್ಮ ಇಂಗ್ಲಿಷು ಬಂದು ತೊಳೆಯುತ್ತಾ?" ಎಂದೆ.

ಮೈ ಸ್ವಲ್ಪ ಹುಷಾರಿಲ್ಲ ಅನ್ನಲು 'ಅಂಡರ್ ದ ವೆದರ್' ಎಂದು ಮಗಳು ಹೇಳಿಕೊಟ್ಟ ದಿನ ನನಗೆ ಹೊಳೆಯಿತು. "ರೀ, ಇದನ್ನೇ ಹೇಳಿ. ಮೈ ಮದರ್ ವಾಸ್ ಅಂಡರ್ ದ ವೆದರ್. ಕೇಳೋಕೆ ಎಷ್ಟು ಚೆನ್ನಾಗಿದೆ!"

"ಅಮ್ಮಾ, ಅದು ನೆಗಡಿ-ಜ್ವರಕ್ಕೆ ಯಾರ್! ಅಜ್ಜಿಗೆ ನೆಗಡಿ ಆಗಿತ್ತಾ ಕ್ಯಾ?" ಎಂದಳು ಮಗಳು.

"ಆಗಲಿ ಬಿಡೆ. ಕೇಳಿದವರು ಮುಂದಿನ ಪ್ರಶ್ನೆಗೆ ಹೋದರೆ ಸಾಕು."

ಇವರು ಆ ವಾಕ್ಯ ಬಾಯಿಪಾಠ ಮಾಡಿದರು. ಸ್ನಾನ ಮಾಡುವಾಗಲೂ ಅದೇ ಕೇಳಿಸುತ್ತಿತ್ತು.

ಇಂಟರ್‌ವ್ಯೂ ದಿನ ಸಂಜೆ ಇವರು ಒಳಗೆ ಕಾಲಿಡುವ ಮೊದಲೇ ಕೇಳಿದೆ. "ಆ ಪ್ರಶ್ನೆ ಬಂತಾ?"

"ಬಂತು."

"ಹೇಳಿದ್ರಾ?"

ಬಗ್ಗಿ ಶೂ ಬಿಚ್ಚುತ್ತಲೇ ಉತ್ತರ ಕೊಟ್ಟರು. "ಬಾಯಿ ತನಕ ಬಂದಿತ್ತು ಕಣೆ. ಅಷ್ಟರಲ್ಲಿ ಅಮ್ಮನ ಬೆನ್ನು ಒರೆಸ್ತಿದ್ದದ್ದು ನೆನಪಾಯ್ತು. ಅಮ್ಮ ಸಾಯ್ತಾ ಇದ್ಲು, ನಾನು ಜೊತೆಗಿದ್ದೆ ಅಂದ್ಬಿಟ್ಟೆ. ಬರೋ ಇಂಗ್ಲಿಷಲ್ಲೇ."

"ಅವರೇನಂದ್ರು?"

"ಒಬ್ಬರು ನೀರಿನ ಲೋಟ ಈ ಕಡೆ ಸರಿಸಿದ್ರು. ಕೊನೆಗೆ, ನಾಳೆ ಫೋನ್ ಮಾಡ್ತೀವಿ ಅಂದ್ರು."

ನೀರು ಕೊಟ್ಟದ್ದು ಒಳ್ಳೆಯ ಸೂಚನೆಯೋ, ಬರೀ ಮರ್ಯಾದೆಯೋ ಎಂದು ಯೋಚಿಸುತ್ತ ಸೋರೆಕಾಯಿ ಹೆಚ್ಚಿದೆ. ಇವರ ಫೋನನ್ನು ಚಾರ್ಜಿಗೆ ಹಾಕಿ, ತೆಗೆದು ನೋಡಿ, ಮತ್ತೆ ಹಾಕಿದೆ. ಮಗಳು ಅವತ್ತು ಯಾವ ನುಡಿಗಟ್ಟನ್ನೂ ಕೇಳದೆ ಅಪ್ಪನಿಗೆ ಚಹಾ ಮಾಡಿಕೊಟ್ಟಳು.

ಊಟಕ್ಕೆ ಚಪಾತಿ, ಸೋರೆಕಾಯಿ ಪಲ್ಯ, ಬೆಳಗಿನ ತಿಳಿಸಾರು. ಮೊದಲು ನಿದ್ದೆ ಹೋದವರು ಇವರು, ಬಹಳ ದಿನಗಳ ಮೇಲೆ ಹೊರಳಾಡದೆ. ಫೋನಿನ ಗಂಟೆ ಜೋರಾಗಿದೆಯೇ ಎಂದು ಇನ್ನೊಮ್ಮೆ ನೋಡಿ ನಾನೂ ಮಲಗಿದೆ.