ಗೆರೆಗೆ ಸರಿ ಇದ್ದ ಎಣ್ಣೆ

ಸಾಹುಕಾರರು ಅಣ್ಣನ ಕೈಯಿಂದ ಕಾರಿನ ಕೀ ತೆಗೆದು ನನ್ನ ಕೈಗೆ ಕೊಟ್ಟ ದಿನ ನಾನು ಒಂದು ಮಾತು ಹೇಳಬೇಕಿತ್ತು. ಹೇಳಲಿಲ್ಲ. ಕೀಯನ್ನು ಜೇಬಿಗೆ ಹಾಕಿಕೊಂಡೆ.

ಅದು 1961ರ ಬೇಸಿಗೆ. ಸುಳ್ಯದಲ್ಲಿ ಜೀನಸು ಅಂಗಡಿ ಇಟ್ಟಿದ್ದ ಮೊಯ್ದು ಬ್ಯಾರಿಗಳಿಗೆ ಒಂದು ಬಾಡಿಗೆ ಕಾರು ಇತ್ತು. ನನ್ನ ಅಣ್ಣ ದೇರಣ್ಣ ಅದರ ಡ್ರೈವರ್, ನಾನು ಕ್ಲೀನರ್. ಐವರ್ನಾಡಿನ ಶಾಲೆಯನ್ನು ಐದನೇ ಕ್ಲಾಸಿಗೇ ಬಿಟ್ಟ ನನ್ನನ್ನು ಅಣ್ಣನೇ ಕರೆದುಕೊಂಡು ಬಂದು ಕೆಲಸಕ್ಕೆ ಹಚ್ಚಿದ್ದ. ಡ್ರೈವಿಂಗ್ ಕಲಿಸಿ ಲೈಸನ್ಸ್ ಮಾಡಿಸಿದವನೂ ಅವನೇ.

ಕಾರು ಅಮೆರಿಕದ್ದು, ಹಳತು, ದೋಣಿಯ ಹಾಗೆ ಉದ್ದ. ಅದರ ಪೆಟ್ರೋಲ್ ಎಂಜಿನ್ ಕುಡಿಯುವುದನ್ನು ನೋಡಿ ಸಹಿಸಲಾಗದೆ ಬ್ಯಾರಿಗಳು ಮಂಗಳೂರಿನಲ್ಲಿ ಅದನ್ನು ಇಳಿಸಿ ಡೀಸೆಲ್ ಎಂಜಿನ್ ಕೂರಿಸಿದ್ದರು. ಅಂಥ ಎಂಜಿನ್ ಬಲ್ಲವರು ಆಗ ನಮ್ಮ ಕಡೆ ಇರಲಿಲ್ಲವೆನ್ನುವಷ್ಟು ಕಡಿಮೆ. ಸಣ್ಣ ಪುಟ್ಟ ರಿಪೇರಿಗೆಲ್ಲ ಮಂಗಳೂರಿಗೆ ಹೋಗುವ ಹಾಗಿರಲಿಲ್ಲ. ಹಾಗಾಗಿ ಎಲ್ಲವನ್ನೂ ನಾವೇ ಮಾಡುತ್ತಿದ್ದೆವು. ಡ್ರಮ್ಮಿನ ಡೀಸೆಲನ್ನು ಹಳೆಯ ಮುಂಡು ಪಂಚೆಯಲ್ಲಿ ಸೋಸಿ ಟ್ಯಾಂಕಿಗೆ ಹಾಕುವುದು, ಪೈಪಿನಲ್ಲಿ ಗಾಳಿ ಸೇರಿ ಎಂಜಿನ್ ನಿಂತರೆ ಬೋಲ್ಟ್ ಸಡಿಲಿಸಿ ನೊರೆ ಹೋಗುವವರೆಗೆ ಕೈಪಂಪು ಒತ್ತುವುದು, ಎಲ್ಲ ಅಣ್ಣ ಕಲಿಸಿದ್ದು.

ಏರ್ ಕ್ಲೀನರ್ ನನ್ನ ಪಾಲಿನ ಕೆಲಸ. ಎಂಜಿನ್ನಿಗೆ ಹೋಗುವ ಗಾಳಿ ಮೊದಲು ಒಂದು ತಗಡಿನ ಡಬ್ಬಿಗೆ ಇಳಿದು, ಅದರೊಳಗಿನ ಎಣ್ಣೆಗೆ ತಾಗಿ, ಮತ್ತೆ ರಬ್ಬರ್ ಹೋಸಿನಲ್ಲಿ ಒಳಗೆ ಹೋಗುತ್ತದೆ. ಧೂಳು ಎಣ್ಣೆಯಲ್ಲಿ ಉಳಿಯುತ್ತದೆ. ಎಣ್ಣೆ ಎಷ್ಟಿರಬೇಕೆಂದು ಡಬ್ಬಿಯ ಒಳಗೆ ಒಂದು ಗೆರೆ ಇದೆ.

"ಗೆರೆಯಿಂದ ಮೇಲೆ ಒಂದು ಹನಿ ಹೋಗ್ಲಿಕ್ಕಿಲ್ಲ, ಲಿಂಗಪ್ಪ" ಎಂದು ಅಣ್ಣ ಹೇಳುತ್ತಲೇ ಇದ್ದ. ಯಾಕೆ ಎಂದು ನಾನು ಕೇಳಲಿಲ್ಲ. ಅವನಿಗೂ ಪೂರ್ತಿ ಗೊತ್ತಿರಲಿಲ್ಲ. ಮಂಗಳೂರಿನವರು ಹೇಳಿದ್ದನ್ನು ಹೇಳುತ್ತಿದ್ದ.

ಬೇಸಿಗೆಯಲ್ಲಿ ನಮ್ಮ ರಸ್ತೆಗಳ ಕೆಂಪು ಧೂಳಿಗೆ ಡಬ್ಬಿಯ ಎಣ್ಣೆ ದಿನಾ ಕೆಸರಾಗುತ್ತಿತ್ತು. ದಿನಾ ಬಿಚ್ಚಿ ತೊಳೆಯಬೇಕು. ಆ ವಾರ ಐವರ್ನಾಡಿನ ಹತ್ತಿರ ಕೋಳಿ ಅಂಕ ಇತ್ತು, ನನಗೆ ಹೋಗುವ ಆಸೆ. ದೀಪಕ್ಕೆ ಎಣ್ಣೆ ಹೆಚ್ಚು ಹಾಕಿದರೆ ಹೆಚ್ಚು ಹೊತ್ತು ಉರಿಯುತ್ತದಲ್ಲ, ಹಾಗೆಯೇ ಇದಕ್ಕೂ ಹೆಚ್ಚು ಹಾಕಿದರೆ ನಾಲ್ಕು ದಿನ ತೊಳೆಯದೆ ನಡೆದೀತು ಎಂದು ಲೆಕ್ಕ ಹಾಕಿದೆ. ಗೆರೆ ಮುಳುಗಿತು. ಇನ್ನಷ್ಟು ಹೊಯ್ದೆ. ಮುಚ್ಚಳ ಬಿಗಿದೆ.

ಮರುದಿನ ಪುತ್ತೂರಿನಿಂದ ಸವಣೂರಿಗೆ ಮದುವೆಯ ದಿಬ್ಬಣ. ಕಾರಿನಲ್ಲಿ ಹೆಂಗಸರು ಮಕ್ಕಳು ಸೇರಿ ಎಷ್ಟು ಜನ ಹಿಡಿಯುತ್ತಾರೋ ಅಷ್ಟು. ಸವಣೂರು ಇನ್ನೇನು ಬಂತು ಎನ್ನುವಾಗ ಒಂದು ಏರು. ಅಣ್ಣ ಎಕ್ಸಲರೇಟರ್ ಒತ್ತಿದ. ಏರು ಮುಗಿದ ಮೇಲೆ ಕಾಲು ತೆಗೆದ. ಎಂಜಿನ್ ಮಾತ್ರ ಇಳಿಯಲಿಲ್ಲ, ಇನ್ನೂ ಏರಿತು. ಅಣ್ಣ ಬ್ರೇಕ್ ಒತ್ತಿ ಕಾರನ್ನು ಬದಿಗೆ ತಂದು ನ್ಯೂಟ್ರಲ್ ಮಾಡಿದ. ಅದು ಕಿರುಚತೊಡಗಿತು. ಹಿಂದೆ ಬಿಳಿ ಹೊಗೆ, ರಸ್ತೆಯೇ ಕಾಣುತ್ತಿರಲಿಲ್ಲ.

ಪೆಟ್ರೋಲ್ ಕಾರಾದರೆ ಕೀ ತಿರುಗಿಸಿದರೆ ಕಿಡಿ ನಿಲ್ಲುತ್ತದೆ, ಎಂಜಿನ್ನೂ ನಿಲ್ಲುತ್ತದೆ. ಡೀಸೆಲಿಗೆ ಕಿಡಿಯೇ ಇಲ್ಲ. ಸ್ಟಾಪ್ ವಯರ್ ಎಳೆದು ಡೀಸೆಲ್ ಹೋಗುವುದನ್ನು ಕಟ್ಟಬೇಕು. ಅಣ್ಣ ಎಳೆದ. ನಿಲ್ಲಲಿಲ್ಲ. ಡೀಸೆಲ್ ಬಂದ್ ಆಗಿದ್ದರೂ ಅದಕ್ಕೆ ಉರಿಸಲು ಬೇರೆ ಏನೋ ಸಿಗುತ್ತಿತ್ತು.

"ಎಲ್ಲ ಇಳೀರಿ! ದೂರ ಹೋಗಿ!" ಎಂದು ಅಣ್ಣ ಕೂಗಿದ. ಬಾನೆಟ್ ತೆಗೆದು, ಗಾಳಿಯ ಹೋಸನ್ನು ಕಿತ್ತು, ಉಟ್ಟಿದ್ದ ಬಿಳಿ ಮುಂಡನ್ನು ಬಿಚ್ಚಿ ಮುದ್ದೆ ಮಾಡಿ ಎಂಜಿನ್ನಿನ ಬಾಯಿಗೆ ಎರಡೂ ಕೈಯಲ್ಲಿ ಒತ್ತಿ ಹಿಡಿದ. ಗಾಳಿ ಸಿಗದೆ ಎಂಜಿನ್ ನಡುಗಿತು, ಕೆಮ್ಮಿತು, ನಿಂತಿತು.

ಹೊಗೆ ತಿಳಿಯಾದಾಗ ದಿಬ್ಬಣದ ಎದುರು ಅಣ್ಣ ಪಟ್ಟೆ ಚಡ್ಡಿಯಲ್ಲಿ ನಿಂತಿದ್ದ. ಅಂಗೈ ಸುಟ್ಟಿತ್ತು.

"ಅಯ್ಯೋ ಡ್ರೈವರೇ, ಗಾಡಿ ನಿಲ್ಲಿಸ್ಲಿಕ್ಕೆ ಮುಂಡು ಬಿಚ್ಚುದೆಂತಕ್ಕೆ ಮಾರಾಯ್ರೆ!" ಎಂದಳು ಒಬ್ಬಳು ಅಜ್ಜಿ. ಹೆದರಿದ್ದವರೆಲ್ಲ ನಕ್ಕರು. ಉಳಿದ ದಾರಿಯನ್ನು ನಡೆದೇ ಹೋದರು.

ಅಣ್ಣ ಕೈಗೆ ಮದ್ದು ಹಚ್ಚಿಸಿಕೊಳ್ಳಲು ಹೋದಾಗ ನಾನು ಡಬ್ಬಿ ಬಿಚ್ಚಿದೆ. ಅದರಲ್ಲಿ ಎಣ್ಣೆ ಇರಲಿಲ್ಲ. ತಳದಲ್ಲಿ ಸ್ವಲ್ಪ ಕೆಸರು. ನಾನು ಹೊಯ್ದದ್ದನ್ನೆಲ್ಲ ಎಂಜಿನ್ ಎಳೆದು ಉರಿಸಿತ್ತು ಎಂದು ಆ ಕ್ಷಣಕ್ಕೇ ಗೊತ್ತಾಯಿತು. ಡಬ್ಬಿಯನ್ನು ತೊಳೆದು, ಹೊಸ ಎಣ್ಣೆ ಹಾಕಿದೆ. ಈ ಸಲ ಬಹಳ ಜಾಗ್ರತೆಯಿಂದ, ಸರಿಯಾಗಿ ಗೆರೆಯವರೆಗೆ. ಹೋಸನ್ನೂ ಬಿಗಿದೆ.

ಕಾರನ್ನು ಪುತ್ತೂರಿನ ಒಂದು ವರ್ಕ್‌ಶಾಪಿಗೆ ಎಳೆಸಿಕೊಂಡು ಹೋದರು. ಅಲ್ಲಿನ ಮೇಸ್ತ್ರಿ ಎಂಜಿನ್ ಬಿಚ್ಚಿ ನೋಡಿದರು. ಪಿಸ್ಟನ್ ರಿಂಗ್ ಸವೆದರೆ ಕೆಳಗಿನ ಎಣ್ಣೆ ಮೇಲೆ ಬಂದು ಉರಿಯುವುದುಂಟು. ಆದರೆ ರಿಂಗ್ ಸರಿ ಇತ್ತು. ಪಂಪು ಸರಿ ಇತ್ತು. ಅಣ್ಣನೇ ಡಬ್ಬಿಯ ಮುಚ್ಚಳ ತೆಗೆದು ನೋಡಿದ. ಎಣ್ಣೆ ಗೆರೆಗೆ ಸರಿ ಇತ್ತು.

"ಎಂಜಿನ್‌ನಲ್ಲಿ ಎಂತದೂ ಇಲ್ಲ" ಎಂದರು ಮೇಸ್ತ್ರಿ. ಹಾಗಾದರೆ ತಪ್ಪು ಡ್ರೈವರನದು. ಗಾಬರಿಯಲ್ಲಿ ಎಕ್ಸಲರೇಟರ್ ಮೇಲೆಯೇ ನಿಂತಿರಬೇಕು ಎಂದು ಬ್ಯಾರಿಗಳು ತೀರ್ಮಾನಿಸಿದರು. ಕೀ ನನಗೆ ಬಂತು.

ಅಣ್ಣ ಜಗಳ ಮಾಡಲಿಲ್ಲ. ಅದೇ ಮೇಸ್ತ್ರಿಯ ಹತ್ತಿರ ಸ್ಪ್ಯಾನರ್ ಹಿಡಿದು ನಿಂತ. ಅವನಿಗೆ ಆ ಎಂಜಿನ್ ಯಾಕೆ ತಾನಾಗಿ ಓಡಿತು ಎಂದು ತಿಳಿಯಬೇಕಿತ್ತು. ನಾಝಲ್ ತೊಳೆಯುವುದು, ವಾಲ್ವ್ ಕೂರಿಸುವುದು ಕಲಿತ. ಕಡಬದಿಂದ, ಅರಂತೋಡಿನಿಂದ ಅವನನ್ನೇ ಕೇಳಿಕೊಂಡು ಗಾಡಿಗಳು ಬರತೊಡಗಿದವು. ಆದರೆ ಬಸ್‌ಸ್ಟ್ಯಾಂಡಿನ ಬಾಯಿಗಳಿಗೆ ಅವನು "ಮುಂಡು ಡ್ರೈವರ್" ಆಗಿಯೇ ಉಳಿದ. ನಾನೂ ಅಲ್ಲಿ ನಿಂತು ನಕ್ಕದ್ದುಂಟು. ಮನೆಯಲ್ಲಿ ಊಟಕ್ಕೆ ಕೂತಾಗ ಅಣ್ಣ ಒಮ್ಮೊಮ್ಮೆ ತನ್ನಷ್ಟಕ್ಕೆ ಲೆಕ್ಕ ಹಾಕುತ್ತಿದ್ದ: "ರಿಂಗ್ ಅಲ್ಲ. ಪಂಪಲ್ಲ. ಏರ್ ಕ್ಲೀನರ್ ಆಗಿರ್ಬಹುದಿತ್ತು, ಆದ್ರೆ ಎಣ್ಣೆ ಗೆರೆಗೆ ಸರಿ ಇತ್ತಲ್ಲ." ನಾನು ಬೇಗ ಕೈ ತೊಳೆದು ಎದ್ದುಬಿಡುತ್ತಿದ್ದೆ.

1964ರಲ್ಲಿ ಬ್ಯಾರಿಗಳು ಎರಡನೇ ಕಾರು ತೆಗೆದರು. ಅದೂ ಹಳತೇ, ಅದಕ್ಕೂ ಡೀಸೆಲ್ ಎಂಜಿನ್. ಪೂರ್ತಿ ಬಿಚ್ಚಿ ಕಟ್ಟಿದವನು ಅಣ್ಣ. ತಯಾರಾದ ದಿನ ನಾನೂ ಹಳೆಯ ಕಾರನ್ನು ನಾಝಲ್ ಕೆಲಸಕ್ಕೆಂದು ವರ್ಕ್‌ಶಾಪಿಗೆ ತಂದಿದ್ದೆ. ಅಣ್ಣ ಕೈ ಒರೆಸಿಕೊಂಡು ಬ್ಯಾರಿಗಳ ಎದುರು ನಿಂತ.

"ಸಾಹುಕಾರ್ರೇ, ಇದನ್ನು ನಾನೇ ಓಡಿಸ್ತೇನೆ."

ಬ್ಯಾರಿಗಳು ಕೆಟ್ಟವರಲ್ಲ. ಬೀಡಿ ಕೆಳಗಿಟ್ಟು ಮೆತ್ತಗೆ ಹೇಳಿದರು: "ದೇರಣ್ಣ, ನೀನು ರಿಪೇರಿಗೆ ಒಂದನೇ ನಂಬರ್. ಆದ್ರೆ ಓಡಿಸ್ಲಿಕ್ಕೆ ಬೇಡ ಮಾರಾಯ. ನಿನ್ನ ಗಾಡಿಗೆ ಜನ ಹತ್ತುದಿಲ್ಲ. ಅಂದು ಎಂತ ಆದದ್ದಂತ ನಿನಗೇ ಗೊತ್ತಿಲ್ಲ, ಗೊತ್ತುಂಟಾ?"

ಅಣ್ಣ ಸುಳ್ಳು ಹೇಳಲು ಬಾರದವನು. "ಇಲ್ಲ, ಗೊತ್ತಿಲ್ಲ" ಎಂದ.

"ನನಗೆ ಗೊತ್ತುಂಟು" ಎಂದೆ. ಗೆರೆ ಮುಳುಗುವಷ್ಟು ಹೊಯ್ದದ್ದು, ಡಬ್ಬಿ ಖಾಲಿ ಇದ್ದದ್ದು, ಮತ್ತೆ ಗೆರೆಗೆ ಸರಿ ಮಾಡಿ ಇಟ್ಟದ್ದು, ಎಲ್ಲ ಹೇಳಿದೆ.

ಮೇಸ್ತ್ರಿ ನಂಬಲಿಲ್ಲ. "ಅಷ್ಟಕ್ಕೆ ಎಂಜಿನ್ ಓಡ್ತದಾ?" ಅಣ್ಣ ನನ್ನ ಮುಖವನ್ನೂ ನೋಡದೆ ಹಳೆಯ ಕಾರಿನ ಬಾನೆಟ್ ತೆಗೆದ. ಡಬ್ಬಿಗೆ ಗೆರೆ ಮುಳುಗುವಂತೆ ಎಣ್ಣೆ ಹೊಯ್ದ. ಹೋಸಿನ ಕ್ಲಿಪ್ ಸಡಿಲಿಸಿ, ಒಂದು ಮರದ ಹಲಗೆ ಕೈಯಲ್ಲಿ ಹಿಡಿದು, "ಲಿಂಗಪ್ಪ, ಸ್ಟಾರ್ಟ್ ಮಾಡು. ರೇಸ್ ಕೊಡು" ಎಂದ.

ಕೊಟ್ಟೆ. ಸ್ವಲ್ಪ ಹೊತ್ತಿಗೆ ಕಾಲು ತೆಗೆದೆ. ಎಂಜಿನ್ ಇಳಿಯಲಿಲ್ಲ. ಅದೇ ಕಿರುಚು, ಅದೇ ಬಿಳಿ ಹೊಗೆ. ಬ್ಯಾರಿಗಳು ಗೋಡೆಯ ಹಿಂದೆ ಓಡಿದರು. ಅಣ್ಣ ಹೋಸ್ ಕಿತ್ತು ಹಲಗೆ ಒತ್ತಿದ. ಎಂಜಿನ್ ಕೆಮ್ಮಿ ನಿಂತಿತು.

ಅವನ ಮುಖದಲ್ಲಿ ಸಿಟ್ಟು ಕಾಣಬಹುದೆಂದು ಕಾದಿದ್ದೆ. ಮೂರು ವರ್ಷದ ಲೆಕ್ಕ ಬಿಡಿಸಿದವನ ಹಾಗೆ ಅವನು ನಗುತ್ತಿದ್ದ. "ಇಕೊಳ್ಳಿ ಸಾಹುಕಾರ್ರೇ! ಈ ಸಲ ಮುಂಡು ಸೊಂಟದಲ್ಲೇ ಉಂಟು!"

ಬ್ಯಾರಿಗಳು ಗೋಡೆಯ ಹಿಂದಿನಿಂದ ಹೊರಬಂದು ಹೊಸ ಕಾರಿನ ಕೀಯನ್ನು ಅಣ್ಣನಿಗೆ ಕೊಟ್ಟರು. ನನ್ನ ಕಡೆ ತಿರುಗಿ, "ನಿನ್ನ ಕೀ ಇಲ್ಲಿ ಇಡು" ಎಂದರು. ಇಟ್ಟೆ. ಅಣ್ಣ ಅದನ್ನು ಎತ್ತಿ ಮತ್ತೆ ನನಗೇ ಕೊಟ್ಟ. "ಅವನೂ ಓಡಿಸಲಿ. ಗೆರೆ ಎಂತಕ್ಕೆ ಇರುದಂತ ಈಗ ಅವನಿಗೆ ಗೊತ್ತಾಗಿದೆ."

ಮುಂದೆ ನನ್ನ ಕೈಕೆಳಗೆ ಎಷ್ಟೋ ಕ್ಲೀನರುಗಳು ಕಲಿತರು. ಅವರಿಗೆಲ್ಲ ನಾನು ಮೊದಲು ಹೇಳುತ್ತಿದ್ದದ್ದು ಒಂದೇ: ಗಾಡಿ ಕೆಟ್ಟರೆ ಕೈ ಹಾಕುವ ಮೊದಲು ಇದ್ದ ಹಾಗೆ ತೋರಿಸು. ತಪ್ಪಿ ಮಾಡಿದ ಕೆಲಸವನ್ನು ಎಂಜಿನ್ ಒಂದು ದಿನದಲ್ಲಿ ಹೇಳಿಬಿಡುತ್ತದೆ. ಮುಚ್ಚಿ ಸರಿ ಮಾಡಿದ್ದನ್ನು ಯಾವ ಮೇಸ್ತ್ರಿಯೂ ಕಂಡುಹಿಡಿಯಲಾರ.

ಆದರೆ ವರ್ಕ್‌ಶಾಪಿನಲ್ಲಿ ನಾನು ಹೇಳಿದ್ದು ಆದ ಸಂಗತಿ ಮಾತ್ರ. ಹೇಳಬೇಕಾದ ಇನ್ನೊಂದು ಮಾತು ಬಾಕಿ ಇತ್ತು. ಆ ವಾರ ಅಣ್ಣನ ಹೊಸ ಕಾರಿಗೆ ಸವಣೂರಿನ ಬಾಡಿಗೆ ಬಂತು. ನಾನು ಪಕ್ಕದಲ್ಲಿ ಕೂತೆ. ಜನರನ್ನು ಇಳಿಸಿ ಬರುವಾಗ ಅದೇ ಏರಿನ ಮೇಲೆ ಅಣ್ಣ ಕಾರು ನಿಲ್ಲಿಸಿ, ಬಾನೆಟ್ ತೆಗೆದು, ಡಬ್ಬಿಯ ಮುಚ್ಚಳ ಬಿಚ್ಚಿದ.

"ಬಾ ಇಲ್ಲಿ, ನೋಡು. ಸರಿ ಉಂಟಾ?"

ನೋಡಿದೆ. ಗೆರೆಗೆ ಸರಿ ಇತ್ತು. ಅವನ ಅಂಗೈಯ ಹಳೆಯ ಕಲೆಯೂ ಅಲ್ಲೇ ಕಂಡಿತು.

"ಅಣ್ಣಾ" ಎಂದೆ, "ಎಣ್ಣೆ ಹೆಚ್ಚು ಹಾಕಿದ್ದು ನನ್ನ ದಡ್ಡತನ. ಅದಕ್ಕೆ ಬೈದುಬಿಡು. ಆದ್ರೆ ಆಮೇಲೆ ಗೆರೆಗೆ ಸರಿ ಮಾಡಿ ಇಟ್ಟು, ನಿನ್ನ ಕೀ ತಗೊಂಡೆನಲ್ಲ, ಅದು ನಾನು ಗೊತ್ತಿದ್ದೇ ಮಾಡಿದ್ದು. ತಪ್ಪಾಯ್ತು ಅಣ್ಣಾ. ನನ್ನನ್ನು ಕ್ಷಮಿಸು."