ಖಡಕ್ ರೊಟ್ಟಿಯ ದಾಸ್ತಾನು

ಮೊನ್ನೆ ಜಗತ್ ಸರ್ಕಲ್ಲಿನ ಬಂಡಿಯೊಂದರಲ್ಲಿ ಕಮಲಾಪುರದ ಕೆಂಪು ಬಾಳೆಹಣ್ಣು ಇತ್ತು. ವಾಸನೆಗೇ ಸ್ಕೂಟರು ನಿಲ್ಲಿಸಿದೆ. "ಇವತ್ತೇ ತಿಂದುಬಿಡ್ರಿ ಸಾಹೇಬ್ರ, ನಾಳಿಗಿ ಇರಂಗಿಲ್ಲ" ಎಂದ ಬಂಡಿಯವ. ನಾನು ಒಂದು ಡಜನ್ ಕೊಂಡು, ಅದರಲ್ಲಿ ಎರಡನ್ನು ಡಿಕ್ಕಿಯ ಮೂಲೆಗೆ ಸೇರಿಸಿದೆ. ಇರುವುದಿಲ್ಲ ಎಂದು ಹೇಳಿದ ಮೇಲೂ ನಾಳೆಗೆ ಎತ್ತಿಡುವುದು ನನ್ನ ಹಳೆಯ ಚಾಳಿ. ನಿಮಗೂ ಇದ್ದೀತು, ಒಪ್ಪಿಕೊಳ್ಳುವುದಿಲ್ಲ ಅಷ್ಟೇ. ಆದರೆ ಈ ವಿದ್ಯೆಯಲ್ಲಿ ನಮ್ಮನ್ನೆಲ್ಲ ಮೀರಿಸಿದವನೊಬ್ಬ ಕೆಲವು ವರ್ಷಗಳ ಹಿಂದೆ ನಮ್ಮ ದೊಡ್ಡವ್ವನ ಮನೆಯಲ್ಲಿ ಬಾಡಿಗೆಗಿದ್ದ.

ಅವನ ಹೆಸರು ಸಾಂಟಿನೊ. ದಕ್ಷಿಣ ಸುಡಾನಿನಿಂದ ಇಲ್ಲಿಗೆ ಓದಲು ಬಂದಿದ್ದ. ಬಾಗಿಲಿಗಿಂತ ಒಂದು ಗೇಣು ಎತ್ತರ. ಖೂಬಾ ಪ್ಲಾಟಿನಲ್ಲಿ ನಾಲ್ಕಾರು ಮನೆಯವರು ಅವನನ್ನು ನೋಡಿ ಬಾಗಿಲು ಹಾಕಿಕೊಂಡ ಮೇಲೆ ದೊಡ್ಡವ್ವ ಮಾಳಿಗೆಯ ಖೋಲಿ ಕೊಟ್ಟು, ಊಟವೂ ನಮ್ಮೊಡನೆಯೇ ಎಂದಳು. ಮೊದಲ ವಾರದಲ್ಲೇ ಅವನು ಶಾಂತಪ್ಪನಾದ. ಅವನಿಗೆ ಗೊತ್ತಿದ್ದ ಅರಬ್ಬಿಯ ಕುರ್ಸಿ, ಕಿತಾಬು, ದುನಿಯಾ ನಮ್ಮ ಬಾಜಾರಿನಲ್ಲೂ ಸಿಕ್ಕಿದ್ದರಿಂದ ಮಾತು ಬೇಗ ಹತ್ತಿತು. ವರ್ಷದೊಳಗೆ ನನಗಿಂತ ಚೆನ್ನಾಗಿ ಚೌಕಾಸಿ ಮಾಡತೊಡಗಿದ. ಜೋಳ ಅವರಲ್ಲೂ ಬೆಳೆಯುತ್ತದಂತೆ. ಖಡಕ್ ರೊಟ್ಟಿ ಮಾತ್ರ ಅವನಿಗೆ ಹೊಸದು.

"ದೊಡ್ಡವ್ವ, ಇದು ಎಷ್ಟ ದಿನ ಇರ್ತದ್ರೀ?"

"ತಿಂಗಳ ಇಟ್ರೂ ಏನೂ ಆಗಂಗಿಲ್ಲಪ್ಪ" ಎಂದಳು ದೊಡ್ಡವ್ವ, ಹೆಮ್ಮೆಯಿಂದ. ಹೇಳಬಾರದಿತ್ತು.

ಮರುದಿನದಿಂದ ರೊಟ್ಟಿ ಬುಟ್ಟಿ ಬರಿದಾಗತೊಡಗಿತು. ಅನುಮಾನ ಸಹಜವಾಗಿಯೇ ನನ್ನ ಮೇಲೆ. ಆಗ ನಾನು ಕೆಳಗಿನ ಖೋಲಿಯಲ್ಲಿದ್ದು ಬ್ಯಾಂಕಿನ ಕೆಲಸಕ್ಕೆ ಹೋಗುತ್ತಿದ್ದೆ, ಅಂಗಿಯ ಗುಂಡಿಗಳು ಒಂದೊಂದಾಗಿ ರಾಜೀನಾಮೆ ಕೊಡುತ್ತಿದ್ದವು. "ಕೇಳಿ ತಿನ್ನಬಾರದೇನೋ" ಎಂದು ದೊಡ್ಡವ್ವ ಕನಿಕರಪಡುತ್ತಿದ್ದಳು. ನಾನು ಆಣೆ ಮಾಡಿದಷ್ಟೂ ಅನುಮಾನ ಗಟ್ಟಿಯಾಯಿತು. ಕೊನೆಗೆ ನನ್ನನ್ನು ಪಾರು ಮಾಡಿದ್ದು ಒಂದು ಹೆಗ್ಗಣ. ರೊಟ್ಟಿಯ ವಾಸನೆ ಹಿಡಿದು ಮಾಳಿಗೆಗೆ ಬಂದ ಅದು, ಅಲ್ಲೇ ಗೂಡಿನಲ್ಲಿದ್ದ ದೊಡ್ಡಪ್ಪನ ಕಾಗದದ ಗಂಟಿಗೂ ಬಾಯಿ ಹಾಕಿತ್ತು. ದೊಡ್ಡಪ್ಪ ಕಂದಾಯ ಇಲಾಖೆಯಲ್ಲಿ ದುಡಿದು ನಿವೃತ್ತನಾದವನು. ಕಮಲಾಪುರದ ಹೊಲದ ಪಹಣಿಯನ್ನು ಹೆಗ್ಗಣ ಸರ್ವೆ ನಂಬರಿನ ತನಕ ತಿಂದು ಬಿಟ್ಟಿದೆ ಎಂದರೆ ಅವನು ಸುಮ್ಮನಿದ್ದಾನೆಯೇ? ಖೋಲಿಯ ತಪಾಸಣೆ ನಡೆಯಿತು. ದಿಂಬಿನೊಳಗೆ ರೊಟ್ಟಿ, ಪುಸ್ತಕದ ಹಿಂದೆ ರೊಟ್ಟಿ, ಬೂಟಿನಲ್ಲೂ ಮುರಿದು ತುಂಬಿದ ರೊಟ್ಟಿ.

ಶಾಂತಪ್ಪ ಕೈ ಬಿಗಿದು ನೆಟ್ಟಗೆ ನಿಂತ. ಆಮೇಲೆ ಹೇಳಿದ. ಅವನಿಗೆ ಹನ್ನೊಂದು ವರ್ಷವಿದ್ದಾಗ ಬಂಡುಕೋರರು ಊರಿಗೆ ನುಗ್ಗಿ ಅವನನ್ನು ಎಳೆದೊಯ್ದು ಕೈಗೆ ಬಂದೂಕು ಕೊಟ್ಟಿದ್ದರು. ನಾಲ್ಕು ವರ್ಷ ಅವರ ಜೊತೆ. ಪರಿಹಾರ ಸಂಸ್ಥೆಯವರು ಬಿಡಿಸಿಕೊಂಡು ಬಂದು ಶಿಬಿರದಲ್ಲಿಟ್ಟು, ಮತ್ತೆ ಶಾಲೆಗೆ ಹಚ್ಚಿದರು.

"ಅಲ್ಲಿ ಇವತ್ತಿಂದು ಇವತ್ತ ತಿಂದಾವಗ ನಾಳಿಗಿ ನಡಿಯಾಕ ಆಗ್ತಿರಲಿಲ್ರೀ. ನಡಿಲಾರದವ್ರನ್ನ ಬಿಟ್ಟು ಹೋಗ್ತಿದ್ರು. ಬಂದೂಕ ಬಿಟ್ಟೀನಿ. ಇದೊಂದು ಬಿಡಾಕ ಆಗವಲ್ದು."

ದೊಡ್ಡಪ್ಪನ ಮನಸ್ಸು ಕರಗಿರಬೇಕು, ಆದರೆ ಪಹಣಿಯ ನೋವು ಇನ್ನೂ ಹಸಿಯಾಗಿತ್ತು. "ಇನ್ನೊಂದ ಸಲ ನಿನ್ನ ಹತ್ರ ರೊಟ್ಟಿ ಸಿಕ್ತಂದ್ರ ಖೋಲಿ ಖಾಲಿ ಮಾಡಬೇಕು" ಎಂದುಬಿಟ್ಟ. ಓದು ಮುಗಿಯಲು ಇನ್ನೊಂದು ವರ್ಷವಿತ್ತು. ಅವನಿಗೆ ಬೇರೆ ಖೋಲಿ ಕೊಡುವವರು ಯಾರೂ ಇರಲಿಲ್ಲ.

ಆ ತಿಂಗಳು ಹೆಗ್ಗಣಕ್ಕೂ ಉಪವಾಸವಾಯಿತು. ಎಳ್ಳಮಾವಾಸ್ಯೆಗೆ ಎಲ್ಲರೂ ಕಮಲಾಪುರದ ಹೊಲಕ್ಕೆ ಹೋದೆವು. ಅಂದು ಕಾಳು ಸೊಪ್ಪಿನ ಭಜ್ಜಿ, ಕಡುಬು, ಹೋಳಿಗೆಯನ್ನು ಬೆಳೆಯ ನಡುವೆ ಚೆಲ್ಲುತ್ತ ಹೊಲ ಸುತ್ತುತ್ತೇವೆ. ಚರಗ ಚೆಲ್ಲುವುದೆಂದರೆ ಭೂಮಿತಾಯಿಗೆ ಊಟ ಬಡಿಸುವುದು. ದೊಡ್ಡವ್ವ ಚೆಲ್ಲುತ್ತ ಮುಂದೆ, ನೀರು ಚಿಮುಕಿಸುತ್ತ ದೊಡ್ಡಪ್ಪ, ಆಮೇಲೆ ನಾನು, ಕೊನೆಗೆ ಶಾಂತಪ್ಪ. ಸುತ್ತು ಮುಗಿಸಿ ತಿರುಗಿ ನೋಡಿದರೆ ಅವನ ಅಂಗಿ ಬಸುರಿಯ ಹೊಟ್ಟೆಯ ಹಾಗೆ ಉಬ್ಬಿತ್ತು. ನಾವು ಚೆಲ್ಲಿದ್ದನ್ನೆಲ್ಲ ಹಿಂದಿನಿಂದ ಆರಿಸಿಕೊಂಡು ಬಂದಿದ್ದ. ಕಡುಬು, ಹೋಳಿಗೆ, ಮಣ್ಣಿನ ಸಮೇತ ಭಜ್ಜಿ. ಪಕ್ಕದ ಹೊಲದವರು ಊಟ ಬಿಟ್ಟು ನಕ್ಕರು. ಅವನು ಅಂಗಿಯನ್ನು ಎರಡೂ ಕೈಯಲ್ಲಿ ಅವುಚಿ ಹಿಡಿದಿದ್ದ.

"ಅದು ಭೂಮ್ತಾಯಿದಪ್ಪ" ಎಂದಳು ದೊಡ್ಡವ್ವ.

"ನಾಳಿಗಿ?"

"ನಾಳಿಗಿ ನಾ ಇದ್ದೀನಲ್ಲ. ನಾಳಿ ರೊಟ್ಟಿ ನಾಳಿ ಬಡೀತೀನಿ."

ಅವನು ಅಂಗಿಯಿಂದ ಒಂದು ಕೈ ಬಿಡಿಸಿದ. ಆಮೇಲೆ ಒಂದು ಕಡುಬು ತೆಗೆದು ಎಸೆದ. ಆ ಕೈಗೆ ಎಸೆಯುವುದನ್ನು ಕಲಿಸಿದವರು ಬೇರೆ. ಕಡುಬು ತೊಗರಿ ದಾಟಿ, ಬದು ದಾಟಿ, ನಗುತ್ತಿದ್ದವರ ಬುತ್ತಿಯ ನಡುವೆ ಹೋಗಿ ಬಿತ್ತು. ನಗು ನಿಂತಿತು.

"ನಮ್ಮ ಹೊಲದಾಗ ಚೆಲ್ಲೋ, ಅವ್ರಿಗ್ಯಾಕ ಕೊಡ್ತಿ?" ಎಂದ ದೊಡ್ಡಪ್ಪ.

ಶಾಂತಪ್ಪ ಕೊನೆಯ ಚೂರಿನ ತನಕ ಚೆಲ್ಲಿದ. ಅಂಗಿ ಕೊಡವಿಕೊಂಡು ದೊಡ್ಡಪ್ಪನ ಮುಂದೆ ಬಂದು ನಿಂತ. "ಖೋಲಿ ಖಾಲಿ ಮಾಡ್ಲೇನ್ರೀ?"

ದೊಡ್ಡಪ್ಪ ಕನ್ನಡಕ ಸರಿಮಾಡಿಕೊಂಡ. ಇಡೀ ನೌಕರಿಯ ಗತ್ತನ್ನು ದನಿಗೆ ತಂದುಕೊಂಡು ಹೇಳಿದ: "ನಾ ಅಂದಿದ್ದು ರೊಟ್ಟಿ. ಸಿಕ್ಕಿದ್ದು ಕಡುಬು. ಕೇಸ್ ಆಗಂಗಿಲ್ಲ."

ವಾಪಸು ಬರುವಾಗ ಶಾಂತಪ್ಪ ಕೆಂಪು ಬಾಳೆಹಣ್ಣಿನ ಒಂದು ಇಡೀ ಚಿಪ್ಪನ್ನು ಜೀಪಿನಲ್ಲೇ ಮುಗಿಸಿದ. ಅವನು ಏನನ್ನೂ ಎತ್ತಿಡದೆ ತಿಂದದ್ದನ್ನು ನಾನು ಕಂಡದ್ದು ಅದೇ ಮೊದಲು. ನನಗೂ ಒಂದು ಉಳಿಸಲಿಲ್ಲ.

ಮೊನ್ನೆ ಹಣ್ಣು ಹಿಡಿದು ದೊಡ್ಡವ್ವನ ಮನೆಗೆ ಹೋದಾಗ ಅವಳು ಸ್ಪೀಕರ್ ಹಾಕಿಕೊಂಡು ಫೋನಿನಲ್ಲಿದ್ದಳು. ಆ ಕಡೆ ಶಾಂತಪ್ಪನೇ. ಈಗ ತನ್ನ ದೇಶದಲ್ಲಿ, ತನ್ನಂತೆಯೇ ಬಂದೂಕು ಬಿಟ್ಟು ಬಂದ ಹುಡುಗರ ಶಿಬಿರದಲ್ಲಿ ಮೇಷ್ಟ್ರಾಗಿದ್ದಾನೆ.

"ಒಬ್ಬ ಹುಡುಗ ದಿಂಬಿನಾಗ ರೊಟ್ಟಿ ಇಟ್ಟಾನ್ರೀ ದೊಡ್ಡವ್ವ. ತೆಗೀಲೇನು?"

"ತೆಗೀಬ್ಯಾಡ. ನಾಳಿ ಹೊತ್ತಿಗಿ ಸರಿಯಾಗಿ ಊಟ ಕೊಡು, ನಾಡದ್ದೂ ಕೊಡು. ತಾನಾ ಬಿಡ್ತಾನ."

"ಕಾಗದಪತ್ರ ಎತ್ತರದಾಗ ಇಡು ಅನ್ನು" ಎಂದು ದೊಡ್ಡಪ್ಪ ಒಳಗಿನಿಂದ ಕೂಗಿದ.

ನಾನು ಎದ್ದು ಹೋಗಿ ಡಿಕ್ಕಿಯಲ್ಲಿದ್ದ ಆ ಎರಡು ಹಣ್ಣನ್ನು ತಂದು ತಟ್ಟೆಯಲ್ಲಿಟ್ಟೆ. ಒಂದು ಆಗಲೇ ಹಿಸುಕಿ ಹೋಗಿತ್ತು. ಅದನ್ನು ನಾನೇ ತಿಂದೆ.